ಹನ್ನೆರಡನೆಯ ಕಲ್ಲು

ಟೇಪಕ್ಕಾ,

ರಸ್ತೆ ಅಗಲ ಮಾಡಲು ಇವತ್ತು ಗುಡ್ಡದ ಮೇಲೆ ಬಿದ್ದಿದ್ದ ಆ ಉದ್ದ ಕಲ್ಲನ್ನು ಕ್ರೇನಿನಿಂದ ಎತ್ತಿದರು. ಬುಡದಲ್ಲಿ ಮೊಣಕಾಲಾಳದ ಗುಂಡಿ ಸಿಕ್ಕಿತು. ಅದರ ಸುತ್ತ ಚಿಕ್ಕ ಕಲ್ಲುಗಳನ್ನು ಬಿಗಿಯಾಗಿ ಜಡಿದಿದ್ದರು. ಅಲ್ಲಿ ನಿಂತಿರುವ ಹನ್ನೊಂದು ಕಲ್ಲುಗಳ ಹಾಗೆ ಇದನ್ನೂ ಸಾವಿರಾರು ವರ್ಷದ ಹಿಂದೆ ಯಾರೋ ನೆಟ್ಟು ನಿಲ್ಲಿಸಿದ್ದರು. ನೀನು ಹೇಳಿದ್ದೇ ಸರಿ.

ಪುರಾತತ್ವ ಇಲಾಖೆಯಿಂದ ನಾವಿಬ್ಬರೂ ಈ ಕಲ್ಲುಗಳ ಅಳತೆಗೆ ಬಂದ ಬೇಸಿಗೆ ನೆನಪಾಯಿತು. ಸದಾ ನಿನ್ನ ಕೈಲಿರುತ್ತಿದ್ದ ಅಳತೆಯ ಟೇಪು ಗಾಳಿಗೆ ಹಾವಿನ ಹಾಗೆ ಹೊರಳಾಡುತ್ತಿತ್ತು. ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಸರದಿ ಮೇಲೆ ಚಹಾ ಕುಡಿದೆವು. ನೀನು ಆ ಕಲ್ಲಿನ ಪಕ್ಕ ಹುಲ್ಲಲ್ಲಿ ಉದ್ದಕ್ಕೆ ಮಲಗಿ, "ನೋಡೇ, ಇದೂ ನನ್ನ ಹಾಗೇ. ನಿಂತೂ ನಿಂತೂ ಸುಸ್ತಾಗಿ ಮಲಗಿದೆ ಅಷ್ಟೇ" ಅಂದೆ. ನಕ್ಕು ನಕ್ಕು ನನಗೆ ಚಹಾ ನೆತ್ತಿಗೇರಿತ್ತು.

ಆದರೂ ವರದಿಯಲ್ಲಿ ನಾನು 'ಸಹಜ ಬಂಡೆ' ಎಂದು ಬರೆದೆ. ನಮ್ಮ ಸಾಹೇಬರಿಗೆ ಅಗೆಸಿ ನೋಡುವ ಗೋಜಿಲ್ಲದೆ ಕೆಲಸ ಬೇಗ ಮುಗಿಯಬೇಕಿತ್ತು, ನನಗೆ ಬಡ್ತಿ ಬೇಕಿತ್ತು. ನೀನು ಓದಿ, "ಇದು ನಿನ್ನ ಕೈಬರಹಾನಾ?" ಎಂದು ಮಾತ್ರ ಕೇಳಿದೆ. ಮರುವಾರವೇ ವರ್ಗ ಮಾಡಿಸಿಕೊಂಡು ಹೊರಟುಹೋದೆ.

ಇವತ್ತು ಎಲ್ಲರೆದುರು ನಿನ್ನ ಹೆಸರು ಹೇಳಿದೆ. ರಸ್ತೆಯ ಎಂಜಿನಿಯರ್ ಫೋನ್ ತೆಗೆದು, "ಅವರ ನಂಬರ್ ಕೊಡಿ ಮೇಡಂ, ಈಗಲೇ ಹೇಳಿಬಿಡೋಣ. ಎಷ್ಟು ಖುಷಿಪಡ್ತಾರೋ!" ಅಂದರು. ನೀನು ತೀರಿಕೊಂಡು ನಾಲ್ಕು ವರ್ಷವಾಯಿತು ಎಂದು ಅವರಿಗೆ ಗೊತ್ತಿರಲಿಲ್ಲ.

"ನಾನೇ ತಿಳಿಸ್ತೀನಿ ಬಿಡಿ" ಅಂದೆ.