ಹಾಡಿನ ಗೋಡೆಗೆ ಒಂದೇ ಅಂಗೈ

ಹುಬ್ಬಳ್ಳಿ
ಸೆಪ್ಟೆಂಬರ್ 31, 2189

ಸ್ಫೂರ್ತಿ ಅಜ್ಜಿಗೆ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಸೆಪ್ಟೆಂಬರಿಗೆ ನಾವು ಒಂದು ದಿನ ಹೆಚ್ಚು ಕೊಟ್ಟು ಬಹಳ ಕಾಲವಾಯಿತು. ಹತ್ತೊಂಬತ್ತು ವರ್ಷದ ನಿಮ್ಮನ್ನು ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮೆಯಿರಲಿ. ನಾನು ನಿಮ್ಮಿಂದ ಆರನೇ ತಲೆಮಾರಿನವಳು. ಹೆಸರು ತುಂಗಾ, ವಯಸ್ಸು ನಲವತ್ತೆರಡು, ಕಸುಬು ರಾಕ್ ಹಾಡುವುದು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದ ಬಂದರೆ ಅಲ್ಲೇ ಬಿಡಿಸಿ ಹೇಳುತ್ತೇನೆ. ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ, ನಮ್ಮಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಸಿಗುತ್ತದೆ. ಉಳಿದವರು ಅದರಲ್ಲಿ ಪ್ರೀತಿಯ ಮಾತು ಬರೆಯುತ್ತಾರೆ. ನಾನು ಹೊಟ್ಟೆಕಿಚ್ಚು ತಡೆಯಲಾರದೆ ಬರೆಯುತ್ತಿದ್ದೇನೆ.

ನಮ್ಮ ಕಾರ್ಯಕ್ರಮಗಳು ಮಧ್ಯಾಹ್ನ ನಡೆಯುತ್ತವೆ. ಹೊರಗಿನ ಬಿಸಿಲಿಗೆ ಅಂಜಿ ಜನ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ತಂಪಾದ ಸಭಾಂಗಣಕ್ಕೆ ಬರುತ್ತಾರೆ. ಅವರು ಬರುವುದು ನೋಟಕಟ್ಟಿಗಾಗಿ. ನೋಟಕಟ್ಟು ಎಂದರೆ ಹಾಡಿನ ಸುತ್ತ ಕಟ್ಟುವ ದೃಶ್ಯ. ನಿಮ್ಮ ಕಾಲದ ದೊಡ್ಡ ಪರದೆ, ಹೊಗೆ, ಬೆಂಕಿ, ಬಣ್ಣದ ದೀಪಗಳ ಮರಿಮಗು. ನಾನು ಮೊದಲ ಸಾಲು ಹಾಡುವಷ್ಟರಲ್ಲಿ ಕುಳಿತವರ ಮೊಣಕಾಲಿನವರೆಗೆ ಸಮುದ್ರ ಬಂದಿರುತ್ತದೆ. ಎರಡನೇ ಸಾಲಿಗೆ ಅವರ ತಲೆಯ ಮೇಲೆ ತಿಮಿಂಗಿಲ ಈಜುತ್ತದೆ. ತಿಮಿಂಗಿಲ ಬಂದ ಮೇಲೆ ನನ್ನ ಮೂರನೇ ಸಾಲು ಯಾರಿಗೆ ಬೇಕು? ಆ ತಿಮಿಂಗಿಲವನ್ನು ಕಟ್ಟುವವನು ನನ್ನ ಒಡಹುಟ್ಟಿದ ತಮ್ಮ ಸಂಗಮೇಶ. ಅವನು ಒಳ್ಳೆಯವನು, ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ಬೈದುಕೊಂಡು ಹಾಯಾಗಿರುತ್ತಿದ್ದೆ.

ಚಪ್ಪಾಳೆ ನಮ್ಮಲ್ಲಿ ಬಿಟ್ಟುಹೋಗಿದೆ. ಹೊರಗೆ ಹೋಗುವ ಬಾಗಿಲಿನ ಎಡಕ್ಕೆ ಹಾಡಿನ ಗೋಡೆ, ಬಲಕ್ಕೆ ನೋಟದ ಗೋಡೆ ಇರುತ್ತವೆ. ಯಾವುದು ಮನಸ್ಸಿಗೆ ಹಿಡಿಸಿತೋ ಆ ಗೋಡೆಗೆ ಅಂಗೈ ಒತ್ತಿ ಹೋಗುವುದು ಪದ್ಧತಿ. ಗುರುತು ಮಾರನೆಯ ದಿನದವರೆಗೂ ಉಳಿಯುತ್ತದೆ. ಸಂಗಮೇಶನ ಗೋಡೆಯಲ್ಲಿ ಜಾಗ ಸಾಲದೆ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಒತ್ತಿಸುತ್ತಾರೆ. ನನ್ನದು ಬಣ್ಣ ಬಳಿದ ದಿನ ಹೇಗಿತ್ತೋ ಹಾಗೇ ಇದೆ. ಕಾರ್ಯಕ್ರಮಗಳ ಈ ಋತು ಮುಗಿಯುವುದರೊಳಗೆ ಹಾಡಿನ ಗೋಡೆಗೆ ಒಂದಾದರೂ ಅಂಗೈ ಬೀಳದಿದ್ದರೆ ನಮ್ಮ ತಂಡದ ನಾಲ್ವರೂ ಮನೆಗೆ ಹೋಗಬಹುದು, ಮುಂದೆ ಮೊದಲೇ ಮುದ್ರಿಸಿಟ್ಟ ಧ್ವನಿಯೇ ಸಾಕು ಎಂದು ಸಭಾಂಗಣದವರು ತಿಳಿಸಿದರು.

ನಾನು ತಮ್ಮನ ಬಳಿ ಹೋಗಿ ಒಂದು ಹಾಡಿನಷ್ಟು ಹೊತ್ತು ದೃಶ್ಯ, ಬೆಳಕು ಎಲ್ಲವನ್ನೂ ಆರಿಸಿಬಿಡು ಎಂದು ಅಂಗಲಾಚಿದೆ. "ಆತು ಬಿಡಕ್ಕಾ, ಆರಸ್ತೀನಿ. ಆಮ್ಯಾಲೆ ನನ್ನ ಬೈಬ್ಯಾಡ," ಎಂದ. ಹೇಳಿದಂತೆಯೇ ಮಾಡಿದ. ಕಳೆದ ಶುಕ್ರವಾರ ಆರನೇ ಹಾಡಿಗೆ ಇಡೀ ಸಭಾಂಗಣ ಕತ್ತಲಾಯಿತು. ಎರಡು ಸಾಲು ಚೆನ್ನಾಗಿ ಹಾಡಿದೆ. ಮೂರನೆಯದಕ್ಕೆ ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ಹನ್ನೊಂದು ವರ್ಷ ಅವನ ಬೆಳಕು ಬದಲಾಗುವುದನ್ನು ನೋಡಿಯೇ ನಾನು ದನಿ ಎತ್ತುತ್ತಿದ್ದೆ. ಅದು ಆವರೆಗೆ ನನಗೇ ಗೊತ್ತಿರಲಿಲ್ಲ. ಆಗ ತಮ್ಮ ಕೂರುವ ಮೇಲಿನ ಅಟ್ಟದಿಂದ ಟಕ್, ಟಕ್ ಎಂದು ಸದ್ದು ಬಂತು. ಸಂಗಮೇಶ ತನ್ನ ಉಂಗುರದಿಂದ ಕಬ್ಬಿಣದ ಕಂಬಿಗೆ ತಾಳ ಬಡಿಯುತ್ತಿದ್ದ. ಅದನ್ನು ಹಿಡಿದು ಹಾಡಿದೆ ನೋಡಿ ಅಜ್ಜಿ, ಜನ್ಮದಲ್ಲಿ ಹಾಗೆ ಹಾಡಿರಲಿಲ್ಲ. ನನ್ನ ಕಣ್ಣಲ್ಲಿ ನೀರೇ ಬಂತು.

ಮುಗಿದ ಮೇಲೆ ಬಾಗಿಲಿಗೆ ಓಡಿದೆ. ಜನ ಬಲಗೋಡೆಗೆ ಮುಗಿಬಿದ್ದಿದ್ದರು. ಒಬ್ಬ ಹೆಂಗಸು ಸಂಗಮೇಶನ ಕೈ ಹಿಡಿದು, "ಏನ್ ಕತ್ತಲಿ ಕಟ್ಟೀಯೋ ತಮ್ಮಾ! ಇಂಥಾ ಕತ್ತಲಿ ನಾ ಎಂದೂ ನೋಡಿದ್ದಿಲ್ಲ. ನಡುವ ಆ ಟಕ್ ಟಕ್ ಅಂತೂ ಭಾರಿ ಇತ್ತು," ಎನ್ನುತ್ತಿದ್ದಳು. ದೃಶ್ಯವೇ ಇಲ್ಲದಿರುವುದು ಹೇಗಿರುತ್ತದೆಂದು ನಮ್ಮವರಿಗೆ ಗೊತ್ತಿಲ್ಲ. ಕತ್ತಲೆಯನ್ನೂ ಅವರು ಅವನ ಹೆಸರಿಗೇ ಬರೆದುಬಿಟ್ಟರು.

ಎಲ್ಲರೂ ಹೋದ ಮೇಲೆ ನೋಡಿದರೆ ಎಡಗೋಡೆಯ ಮೇಲೆ ಒಂದೇ ಒಂದು ಅಂಗೈ. ಬೆರಳಿನ ಬುಡದಲ್ಲಿ ಉಂಗುರದ ಗುರುತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಹೊಟ್ಟೆ ಮತ್ತಷ್ಟು ಉರಿಯಿತು. ನನಗೆ ಸಿಕ್ಕ ಒಂದು ಅಂಗೈಯೂ ಅವನದೇ ಆಗಬೇಕೆ? ಮೇಲಾಗಿ ಸಭಾಂಗಣದ ಕೆಲಸದವರ ಅಂಗೈ ಲೆಕ್ಕಕ್ಕಿಲ್ಲ. ಮುಂದಿನ ಶುಕ್ರವಾರ ಋತುವಿನ ಕೊನೆಯ ಕಾರ್ಯಕ್ರಮ.

ಇನ್ನು ನಿಮ್ಮ ವಿಷಯ. ನಿಮ್ಮ ಕಾಲದ ನಾಳೆ ಸಂಜೆ ನೀವು ಕಾಲೇಜು ಮೈದಾನದಲ್ಲಿ ಒಂದು ರಾಕ್ ಕಾರ್ಯಕ್ರಮಕ್ಕೆ ಹೋಗುತ್ತೀರಿ. ಅಲ್ಲಿ ನೀವು ಫೋನಿನಲ್ಲಿ ಹಿಡಿಯುವ ನಲವತ್ತೊಂದು ಸೆಕೆಂಡು ನಮ್ಮ ಮನೆಯ ನೆನಪಿನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಬೆಂಕಿ ಕಾಣುತ್ತದೆ, ಪರದೆ ಕಾಣುತ್ತದೆ, ಎತ್ತಿದ ನೂರು ಕೈ ಕಾಣುತ್ತವೆ. ಗೆಳತಿಗೆ ನೀವು, "ಏ, ನಿನ್ ಫೋನೂ ಮ್ಯಾಲ ಹಿಡೀ, ಈಗ ಬೆಂಕಿ ಬರ್ತೈತಿ ನೋಡ," ಎನ್ನುವುದು ಕೇಳುತ್ತದೆ. ಹಾಡುವವಳ ದನಿ ಮಾತ್ರ ಗದ್ದಲದಲ್ಲಿ ಒಡೆದು ಹೋಗಿದೆ. ನಾಲ್ಕು ಶಬ್ದ ಸಿಗುತ್ತವೆ, ಅಷ್ಟೇ. ಆ ನಾಲ್ಕು ಶಬ್ದಕ್ಕೇ ನನ್ನ ಮೈ ನಡುಗುತ್ತದೆ. ಅವಳು ಯಾರ ಬೆಳಕನ್ನೂ ಕಾಯದೆ ಹಾಡುತ್ತಾಳೆ. ನೀವು ಅದನ್ನು ಪೂರ್ತಿ ಕೇಳುತ್ತೀರಿ, ಎದುರಿಗೇ ನಿಂತು ಕೇಳುತ್ತೀರಿ; ನನಗೆ ಮಾತ್ರ ಬೆಂಕಿ ಕಳಿಸಿದ್ದೀರಿ. ನಿಮ್ಮ ಮೇಲೆ ನನಗಿರುವ ಹೊಟ್ಟೆಕಿಚ್ಚು ಸಂಗಮೇಶನ ಮೇಲೂ ಇಲ್ಲ.

ಹಾಗಾಗಿ ಒಂದೇ ಬೇಡಿಕೆ. ಬೆಂಕಿ ಏಳುವಾಗ ಎಲ್ಲರ ಜೊತೆ ಕೈ ಎತ್ತಬೇಡಿ. ಫೋನನ್ನು ಎದೆಗೆ ಒತ್ತಿ ಹಿಡಿದು, ಅದರ ಕ್ಯಾಮೆರಾ ಕಣ್ಣನ್ನು ಅಂಗೈಯಿಂದ ಮುಚ್ಚಿ, ರೆಕಾರ್ಡಿಂಗ್ ನಿಲ್ಲಿಸದೆ ಸುಮ್ಮನೆ ನಿಂತು ಆ ಒಂದು ಹಾಡನ್ನು ಪೂರ್ತಿ ನನಗೆ ಉಳಿಸಿಕೊಡಿ. ಕೊನೆಯ ಶುಕ್ರವಾರ ನಾನು ಅದನ್ನೇ ಹಾಡಬೇಕು, ಹೇಗೆ ಹಾಡಬೇಕೆಂದು ಅವಳಿಂದಲೇ ಕಲಿಯಬೇಕು.

ಈ ಕಾಗದ ಅಂಚೆಗೆ ಹಾಕಿ ಮನೆಗೆ ಹೋದ ಕೂಡಲೇ ಪೆಟ್ಟಿಗೆ ತೆರೆದು ನೋಡುತ್ತೇನೆ. ಮತ್ತೆ ಬೆಂಕಿಯೇ ಕಂಡರೆ ನೀವು ಕೈ ಎತ್ತಿದಿರೆಂದು ತಿಳಿಯುತ್ತೇನೆ. ಕತ್ತಲೆ ಕಂಡರೆ ಅದು ನಿಮ್ಮ ಅಂಗೈ, ನನ್ನ ಗೋಡೆಗೆ ಬಿದ್ದದ್ದು.

ನಿಮ್ಮ,
ತುಂಗಾ