ಗೇಟಿನ ಮೈಕಿನಾಗಿನ ದನಿ ನಿಂದಲ್ಲ

ನನ್ನ ಮನಿಯಾಕಿಗೆ,

ಹಾಂ, ನಿನ್ನೆ ಎಲ್ಲಿಗೆ ಬಿಟ್ಟಿದ್ದೆ? ಅಣ್ಣನ ಕ್ಯಾಮೆರಾದ ಮಾತಿಗೆ. ತೊಗರಿ ಚೀಲ ಕಳುವಾದವು ಅಂತ ಸೊಲ್ಲಾಪುರದಿಂದ ತಂದು, ನಮ್ಮೆರಡೂ ಮನಿಗೆ ಇರೋ ಒಂದೇ ಗೇಟಿನ ಮ್ಯಾಲ ಕೂಡಿಸಿದ್ದ. ಇಡೀ ಆಳಂದದಾಗ ಅಂಥಾದ್ದು ಇನ್ನೊಂದಿರಲಿಲ್ಲ. ಚಿತ್ರದ ಸಂಗಟ ದನೀನೂ ಹಿಡೀತದ ಅಂತ ಗೇಟಿನ ಮಗ್ಗುಲ ಕೂಡೋ ಕಟ್ಟಿಗಿ ಒಂದು ಮೈಕನ್ನೂ ಬಡಿಸಿದ. ಕಳ್ಳರು ಮಾತಾಡಿಕೋತ ಬರ್ತಾರೇನು ಅಂತ ನೀ ಒಳಗ ನಕ್ಕಿದ್ದಿ. ನೆನಪದ ಏನು?

ಅಫಜಲಪುರದ ಬೀಗರು ಶಾಂತಾನ್ನ ನೋಡಿ ಹೋದ ದಿನ. ಅಣ್ಣನ ಮಗಳಾದರೂ ಆಕಿ ಬೆಳೆದದ್ದು ನಿನ್ನ ಮಗ್ಗುಲಾಗ. ಹುಡುಗನ ಸೋದರತ್ತಿಗೆ ಎಲಿ ಅಡಕಿ ಕೊಟ್ಟು ಗೇಟಿನ ತನಕ ಕಳಿಸಿದಾಕಿ ನೀನೇ. ನಾಕು ದಿನಕ್ಕ ಸಂಬಂಧ ಮುರೀತು. ಹುಡಗಿಗಿ ಫಿಟ್ಸ್ ಬರ್ತಾವಂತ ಯಾರೋ ಹೇಳ್ಯಾರ ಅಂದರು.

ಅಣ್ಣ ಟೇಪ್ ಹಿಂದಕ್ಕ ತಿರುವಿ, ಹಿರೇರನ್ನ ಕರೆಸಿ, ಟಿವಿ ಮುಂದ ಕೂಡಿಸಿದ. ಚಿತ್ರದಾಗ ತಲಿ ತುಂಬ ಸೆರಗು ಹೊತ್ತ ನಿನ್ನ ಬೆನ್ನು, ಎದುರಿಗೆ ಆ ಅತ್ತಿ. ಗೊರಗೊರ ನಡುವ ಒಂದು ಹೆಣ್ಣುದನಿ: ‘ಆಗಾಗ ಫಿಟ್ಸ್ ಬರ್ತಾವ್ರಿ, ಇವರು ಹೇಳಂಗಿಲ್ಲ.’ ‘ಕೇಳಿದ್ರಿಲ್ಲ? ನನ್ನ ತಮ್ಮನ ಹೆಂಡ್ತಿ’ ಅಂದ ಅಣ್ಣ.

‘ಇದು ಆಕಿ ದನಿ ಅಲ್ಲ’ ಅಂದೆ.

‘ಆಕಿ ದನಿ ಹೆಂಗಿರ್ತದಂತ ನನಗೇನು ಗೊತ್ತಲೇ? ಎಂದರ ಕೇಳೇನೇನು?’

ತಾ ಏನು ಅಂದ ಅನ್ನೋದು ಆ ಮನುಷ್ಯಾಗ ಕೇಳಲೇ ಇಲ್ಲ. ಕಾಲೇಜಿನಾಗ ‘ಬೆನಿಫಿಟ್ ಆಫ್ ಡೌಟ್’ ಅಂತ ಒಂದು ಓದಿದ್ದೆ, ಸಂಶಯ ಇದ್ದರ ಶಿಕ್ಷಾ ಇಲ್ಲ ಅನ್ನೋದು, ಅದನ್ನೂ ಅಂದೆ. ಪೂರ್ತಿ ಸಾಲು ಬರಲಿಲ್ಲ, ಬಂದಿದ್ದರ ಯಾರಿಗೆ ತಿಳೀತಿತ್ತು… ‘ಹೆಂಡ್ತಿ ವಕೀಲ್ಸಾಬ್’ ಅಂತ ನಕ್ಕರು. ಒಬ್ಬ ಹಿರೇ ಮನುಷ್ಯಾ ಮಾತ್ರ, ‘ಆಕೀನೇ ಒಂದು ಮಾತು ಆಡ್ಲಿ, ಹೋಲ್ಸಿ ನೋಡೋಣು’ ಅಂದ. ಬಾಗಿಲ ಹಿಂದ ನೀ ನಿಂತಿದ್ದಿ. ಒಂದು ‘ಇಲ್ರಿ’ ಸಾಕಿತ್ತು. ನೀ ಬಾಯಿ ತೆಗೀಲಿಲ್ಲ. ‘ತಪ್ಪು ಮಾಡಿದಾಕಿ ಏನು ಮಾತಾಡ್ತಾಳ’ ಅಂತ ಎದ್ದು ಹೋದರು.

ಆ ಸಂಜಿ ಕೇಳಿದೆ, ಯಾಕ ಸುಮ್ಮನಿದ್ದಿ ಅಂತ. ‘ಭಾವನ ಮುಂದ ಹೆಂಗ ಮಾತಾಡ್ಲಿ?’ ಅಂದು ರೊಟ್ಟಿ ತಟ್ಟಿಕೋತ ಕೂತಿ. ಲಗ್ನಾಗಿ ಬಂದಾಗಿನಿಂದ ಭಾವನ ಮುಂದ ದನಿ ತೆಗೆಯದ ಸೊಸಿ ಅಂತ ಇದೇ ಮನಿ ಮಂದಿ ನಿನ್ನ ಹೊಗಳತಿದ್ದರಲ್ಲ. ಹಂಗಿದ್ದದ್ದಕ್ಕ ಬಂದ ಇನಾಮು ನೋಡು.

ಮುಂದ ಶಾಂತಾನ ಲಗ್ನ ಬ್ಯಾರೆ ಕಡಿ ಆತು. ಬಂದ ಮುತ್ತೈದೆರಿಗೆಲ್ಲ ಉಡಿ ತುಂಬಿದರು, ನಿನ್ನ ದಾಟಿ ಮುಂದಿನಾಕಿಗೆ ಹೋದರು. ಖಾಲಿ ಸೆರಗು ಝಾಡಿಸಿಕೊಂಡು ಮನಿಗೆ ಬಂದು, ‘ಊಟ ಚೊಲೋ ಇತ್ತು’ ಅಂದಿ. ಆ ಕೆಟ್ಟ ಹೆಸರು ಹೊತ್ತುಕೊಂಡೇ ಮಣ್ಣಿಗೆ ಹೋದಿ.

ಈಗ ಕೇಳು. ಮೊನ್ನೆ ನಿನ್ನ ನೆಗೆಣ್ಣಿ, ಅಣ್ಣನ ಹೆಂಡ್ತಿ, ನಮ್ಮ ಪಡಸಾಲ್ಯಾಗ ಬಂದು ಕೂತಳು. ‘ಅದು ನನ್ನ ತಂಗಿ ದನಿರಿ. ಜೇವರ್ಗಿಯಾಕಿ. ಮೈಕಿನ ಬುಡಕ ಕಟ್ಟಿ ಮ್ಯಾಲ ಕೂತು ಬೀಗರ ಪೈಕಿ ಒಬ್ಬಾಕಿ ಕಿವ್ಯಾಗ ಊದಿದಳು, ಕ್ಯಾಮೆರಾಕ್ಕ ಕಾಣಲಿಲ್ಲ. ನನಗ ಅವತ್ತೇ ಗೊತ್ತಿತ್ತು.’ ಆ ತಂಗಿ ಅದೇ ಹುಡುಗಗ ತನ್ನ ಮಗಳನ್ನ ಕೊಟ್ಟಳು, ನಾವೆಲ್ಲಾ ಅಕ್ಕಿಕಾಳು ಹಾಕಿ ಬಂದಿವಿ. ಆಗರ ಒಬ್ಬರಿಗೆ ಸಂಶಯ ಬರಬಾರದಾ? ಈಗ್ಯಾಕ ಬಾಯಿ ಬಿಟ್ರಿ ಅಂದೆ. ಅಕ್ಕ-ತಂಗಿ ಮಾತು ಬಿಟ್ಟಾರಂತ. ನಿನ್ನ ಸಲುವಾಗಿ ಅಲ್ಲ, ತಂಗಿ ಮ್ಯಾಲಿನ ಸಿಟ್ಟಿಗೆ ಖರೇ ಮಾತು ಹೊರಗ ಬಿತ್ತು.

ಅಣ್ಣನೂ ಬಂದಿದ್ದ. ನೀ ಹೋಗಿ ವರ್ಷ ತುಂಬಿದ್ದಕ್ಕ ಮಂದಿ ಕೂಡಿಸಿ ಮಾಡೋ ಗಣಾರಾಧನಿ ನಾಳೆ ಸೋಮವಾರ. ‘ತಪ್ಪಾಗ್ಯಾದ ಅಂತ ಎಲ್ಲಾರ ಮುಂದ ನಾನೇ ನಾಕು ಮಾತು ಹೇಳ್ತೇನಿ’ ಅಂದ. ಅವನ ನಾಕು ಮಾತು ನನಗ ಗೊತ್ತದ, ಮಷೀನಿನ ತಪ್ಪು ಅಂತಾನ. ‘ಬಾ, ಮುಂದಿನ ಸಾಲಿನಾಗ ಕೂಡು. ನಾ ಹೇಳ್ತೇನಿ, ನೀ ಬಾಯಿ ತೆಗೀಬ್ಯಾಡ’ ಅಂದೆ.

‘ಅಷ್ಟು ಮಂದಿ ಮುಂದ ಹೆಂಗ ಸುಮ್ಮ ಕೂಡ್ಲಿ ಲೇ?’

‘ಕೂತು ನೋಡು’ ಅಂದೆ.

ಹಿರೇರಿಗೆಲ್ಲ ಹೇಳಿ ಕಳಿಸೇನಿ, ಜೇವರ್ಗಿಗೂ. ನೀ ಇದ್ದಿದ್ದರ ‘ಬಿಡ್ರಿ, ಹೋಗ್ಲಿ’ ಅಂತಿದ್ದಿ. ಈ ಸಲ ನಿನ್ನ ಮಾತು ಕೇಳಂಗಿಲ್ಲ. ಮೊದಲ ಏನು ಹೇಳಬೇಕು ಅನ್ನೋದನ್ನ ಇದರಾಗೇ ಬರಕೋಬೇಕಂತ ಕೂತಿದ್ದೆ… ಹೊತ್ತು ಮುಳುಗಾಕತ್ತದ, ಕಣ್ಣಿಗೆ ಕಾಣವಲ್ದು, ಬರದ ಸಾಲು ಒಂದರ ಮ್ಯಾಲೊಂದು ಏರಾಕತ್ತಾವ