ಪಡಸಾಲೆಯ ನೆಲ ಒಡೆಸಿದ ದಿನ

ಸುಂಕಣ್ಣಾ,

ನಮ್ಮ ಪಡಸಾಲೆಗೆ ನೀನು ಹಾಕಿದ ಕಾಂಕ್ರೀಟ್ ನೆಲವನ್ನು ಇವತ್ತು ಒಡೆಸಿದೆ. ಉಬ್ಬಿ, ಬಿರಿದು, ಬಾಗಿಲು ಮುಚ್ಚಲೂ ಬರುತ್ತಿರಲಿಲ್ಲ. ಸಿಮೆಂಟ್ ಕದ್ದವನ ಕೆಲಸವೆಂದು ಆರು ವರ್ಷ ಸಿರುಗುಪ್ಪದ ತುಂಬ ಸಾರಿದ್ದೇನೆ; ಅದು ನಿನ್ನ ಕಿವಿಗೂ ಬಿದ್ದಿತ್ತು.

ಹೊಸ ಮೇಸ್ತ್ರಿ ಹುಲುಗೇಶ್ ಬಡಿದು ಬಡಿದು ಬೆವತುಹೋದ. "ಕಾಂಕ್ರೀಟ್ ಕಲ್ಲಾಗೈತ್ರಿ ಸಾವ್ಕಾರ್ರ. ಕೆಳಗ ನೋಡ್ರಿ, ಬರೇ ಕರೀ ಎರಿ ಮಣ್ಣು! ನೀರು ಕುಡುದ್ರ ಉಬ್ಬದಂಗ ಇರತೈತೇನ್ರಿ? ಗಟ್ಟಿ ಗರಸು ಮಣ್ಣು ಬಿಟ್ಟು ಇದನ್ನ ತುಂಬಿದ ಶ್ಯಾಣ್ಯಾ ಯಾವನೋ!"

ಆ ಶ್ಯಾಣ್ಯಾ ನಾನೇ. ನಮ್ಮ ಗದ್ದೆಯದೇ ಮಣ್ಣು, ಪುಕ್ಕಟೆ ಎಂದು ಹೇರಿಸಿದ್ದೆ. "ಬ್ಯಾಡಲೇ" ಎಂದು ನೀನು ಒಂದೇ ಸಲ ಹೇಳಿ ಸುಮ್ಮನಾದೆ. ಹತ್ತು ಸಲ ಹೇಳಬೇಕಿತ್ತು! ಕೊರಳಪಟ್ಟಿ ಹಿಡಿದು ಹೇಳಬೇಕಿತ್ತು! ಕಳ್ಳ ಅನ್ನಿಸಿಕೊಂಡೂ ಬಾಯಿಬಿಡದೆ ಸತ್ತೆಯಲ್ಲ, ಎಷ್ಟು ಸೊಕ್ಕು ನಿನಗೆ?

"ಈ ಕಾಂಕ್ರೀಟ್ ಹಾಕಿದವ್ರು ಯಾರ್ರಿ?" ಎಂದು ಹುಲುಗೇಶ್ ಕೇಳಿದ.

ನೆನಪಿಲ್ಲ ಎಂದೆ.